ಹಮ್ಮಾಮಿನೊಳಗೆ ಕತ್ತಿ ಕಂಡೆವು, ಹಮ್ಮಾಮು ಕಾಣಲಿಲ್ಲ

ಎಕಂಬಾ ಕಡೆಯಿಂದ ಔರಾದ್ ಹಾದು ಬೀದರಕ್ಕೆ ಬರುವ ಮಂದಿಗೆ ಕೋಟೆ ಹೊಸದೇನಲ್ಲ. ಕೋರ್ಟು, ದವಾಖಾನೆ, ಅಂಗಡಿ ಸಾಮಾನು ಎಲ್ಲ ಮುಗಿದು ಬಸ್ಸಿಗೆ ವೇಳೆ ಉಳಿದರೆ ಮಕ್ಕಳನ್ನು ಕರಕೊಂಡು ಒಂದು ಸುತ್ತು ಹಾಕುತ್ತಾರೆ. ಒಳಗೆ ಮ್ಯೂಜಿಯಂ ಇದೆ. ತಿರುಗಿ ಬರುವಾಗ "ಏನು ನೋಡಿದ್ರಿ?" ಎಂದು ಕೇಳಿ, "ಕತ್ತಿ ನೋಡಿದ್ವಿ, ಕಲ್ಲಿನ ಮೂರ್ತಿ ನೋಡಿದ್ವಿ" ಅಂತಾರೆ.

ನಾನೂ ಅದೇ ಪೈಕಿ. ಶಾಲೆಯಿಂದ ಬಂದಾಗ ಕತ್ತಿಯ ಮುಂದೆ ನಿಂತವನು ಮಾಸ್ತರು ಕೈ ಹಿಡಿದು ಎಳೆಯುವ ತನಕ ಸರಿಯಲಿಲ್ಲ. ನಿಂತಿದ್ದ ಮನೆ ಯಾರದು ಅಂತ ಕೇಳುವ ಬುದ್ಧಿ ಬರಲಿಲ್ಲ.

ಆ ಮನೆ ಸುಲ್ತಾನರ ಸ್ನಾನದ ಮನೆ ಸ್ವಾಮಿ! ಶಾಹಿ ಹಮ್ಮಾಮು. ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿ ಎತ್ತಿ ಬೀದರಕ್ಕೆ ತಂದ ಮೇಲೆ ಬೆಳೆದ ಕೋಟೆ ಇದು. ಹಮ್ಮಾಮು ಅಂದರೆ ಬರೀ ಬಚ್ಚಲಲ್ಲ. ಬಿಸಿನೀರು, ತಣ್ಣೀರು, ಕಮಾನಿನ ಕೋಣೆಗಳು, ನೀರು ಕಾಯಿಸುವವರು, ಹೊರುವವರು ಎಲ್ಲ ಕೂಡಿದ ದೊಡ್ಡ ಕಾರಭಾರು. ಬೇಸಿಗೆಯಲ್ಲಿ ನಮಗೆ ಕೊಡ ನೀರಿಗೇ ಪರದಾಟ, ಆ ಗುಡ್ಡದ ಮೇಲೆ ಸುಲ್ತಾನರ ಸ್ನಾನಕ್ಕೆ ನೀರು ಹ್ಯಾಂಗ ಬರ್ತಿತ್ತು? ಇರಾನಿನ ಪದ್ಧತಿಯಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ಕರೇಜು ಇವತ್ತಿಗೂ ನೌಬಾದಿನಲ್ಲಿದೆ. ನೀರಿನ ಕತೆಗೇ ಒಂದು ಕೋಣೆ ಬೇಕು.

ನನ್ನ ಮಾತು ಇಷ್ಟೇ. ಕತ್ತಿ, ಮೂರ್ತಿ ಇರಲಿ. ಜೊತೆಗೆ ಕಟ್ಟಡದ್ದೇ ಒಂದು ಪ್ರದರ್ಶನ ಆಗಬೇಕು. ಸ್ನಾನದ ಮನೆ ಮ್ಯೂಜಿಯಂ ಆದದ್ದು ಹೇಗೆ, ನಿಜಾಮರ ಕಾಲದ ಪುರಾತತ್ವ ಅಧಿಕಾರಿ ಗುಲಾಂ ಯಜ್ದಾನಿ ಇಲ್ಲಿನ ಗೋಡೆ ಗೋಡೆ ಅಳೆದು 1947ರಲ್ಲಿ ಬೀದರದ ಮೇಲೆ ದೊಡ್ಡ ಪುಸ್ತಕ ತಂದದ್ದು, 1956ರಲ್ಲಿ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು, ಎಲ್ಲ ಬರಲಿ.

ಕಟ್ಟಡಕ್ಕೆ ಬೇರೆ ಕೆಲಸ ಹಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಬೀದರದಲ್ಲೇ ಇನ್ನೊಂದು ಸಾಕ್ಷಿ ಇದೆ. ಮಹಮೂದ್ ಗವಾನ 1472ರಲ್ಲಿ ಮುಗಿಸಿದ ಮದರಸಾ ವಿದ್ಯೆಯ ಮನೆ. 1657ರಲ್ಲಿ ಊರು ಔರಂಗಜೇಬನ ಕೈಸೇರಿದ ಮೇಲೆ ಅಲ್ಲಿ ಸೈನ್ಯ ಇಳಿಯಿತು, ಮದ್ದಿನ ಚೀಲ ಬಂದವು. 1696ರಲ್ಲಿ ಮದ್ದು ಸಿಡಿಯಿತು. ಸಿಡಿಲು ಬಡಿದು ಅಂತಾರೆ. ಒಂದು ಮಿನಾರು, ಅರ್ಧ ಮುಖ ಹೋಯಿತು. ಪುಸ್ತಕದ ಜಾಗದಲ್ಲಿ ಮದ್ದು ಇಟ್ಟರೆ ಇನ್ನೇನಾದೀತು? ಹಮ್ಮಾಮಿನ ದೈವ ಚಲೋ ಇತ್ತು, ಅದಕ್ಕೆ ಮ್ಯೂಜಿಯಂ ಸಿಕ್ಕಿತು.

"ಹಳೇ ಗೋಡಿ ನೋಡ್ಲಾಕ ಯಾರು ಬರ್ತಾರ್ರಿ?" ಎಂದರು ಪರಿಚಯದ ಅಂಗಡಿಯವರು. ಬರುತ್ತಾರೆ. ಹೇಳುವವರು ಬೇಕು. ಒಂದು ತಾಸು ನೋಡಿ ಹೋಗುವವ ಮೂರು ತಾಸು ನಿಂತರೆ ಚಹಾ ಕುಡಿಯುತ್ತಾನೆ, ಬಿದ್ರಿ ಡಬ್ಬಿಗೆ ಬೆಲೆ ಕೇಳುತ್ತಾನೆ. ಲೆಕ್ಕ ಅವರಿಗೇ ಗೊತ್ತು.

ಬರಹ ಮಾತ್ರ ಇಂಗ್ಲಿಷಿನಲ್ಲಿ ಮುಗಿಯಬಾರದು. ಕನ್ನಡ ಮೊದಲು, ಜೊತೆಗೆ ಮರಾಠಿ, ಉರ್ದು. ಗಡಿ ಜಿಲ್ಲೆ ನಮ್ಮದು. ಕೋಟೆಯಲ್ಲಿ ಮುಗಿದ ಮೇಲೆ ಅದೇ ಹಲಗೆಗಳನ್ನು ತಿಂಗಳಿಗೊಂದರಂತೆ ಔರಾದ್, ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಕಳಿಸಲಿ. ಪುರಾತತ್ವ ಇಲಾಖೆ, ಜಿಲ್ಲಾಡಳಿತ ಕೂತು ಮಾತಾಡಿದರೆ ದೊಡ್ಡ ಖರ್ಚಿನ ಕೆಲಸವಲ್ಲ. ಬಸ್ಸು ತಡವಾದಾಗ ಓದಲಿಕ್ಕೆ ನಮ್ಮ ಮಂದಿಗೆ ಏನಾದರೂ ಇರುತ್ತದೆ. ಬಸ್ಸಂತೂ ತಡವಾಗಿಯೇ ಬರುತ್ತದೆ.