ಸೂರು ಮೇಲೇರದು, ನಾವೇ ಕೆಳಗಿಳಿಯೋಣ

ಕಳೆದ ಮಳೆಗಾಲದ ಮಾತು. ‘ಸಕ್ಕರೆ ಗಡಿಗೆ ಬಂದು ನಿಂತಿದೆ ಮೇಷ್ಟ್ರೇ, ಬರೀ ವಾಕಿಂಗ್ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ’ ಎಂದಿದ್ದರು ವೈದ್ಯರು. ಮಗ ಎಂಟು ಕಿಲೋ ತೂಕದ ಕೆಟಲ್‌ಬೆಲ್ ತಂದುಕೊಟ್ಟ. ಮಳೆ ಹಿಡಿಯುವ ತನಕ ತಾರಸಿಯ ಮೇಲೆ ಎತ್ತಿ ಇಳಿಸುತ್ತಿದ್ದೆ. ಮಳೆ ಶುರುವಾದ ಮೇಲೆ ಮಹಡಿಯ ಸಣ್ಣ ಕೋಣೆ ಸೇರಿದೆ. ಎರಡನೆಯ ದಿನವೇ ತಲೆಯ ಮೇಲೆತ್ತಿದ ಮುಷ್ಟಿ ಟ್ಯೂಬ್‌ಲೈಟಿಗೆ ಬಡಿದು, ಗಾಜೆಲ್ಲ ಚಾಪೆಯ ಮೇಲೆ ಸುರಿಯಿತು. ಆ ಚಾಪೆಯಿಂದ ಮೊಮ್ಮಗ ಎದ್ದು ಹೋಗಿ ಐದು ನಿಮಿಷವೂ ಆಗಿರಲಿಲ್ಲ.

‘ಮೊದಲು ಅಳತೆ, ಆಮೇಲೆ ಪ್ರಯೋಗ’ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅಂದು ಸಂಜೆ ನಾಚಿಕೆಯಿಂದಲೇ ಟೇಪು ಹಿಡಿದೆ. ಕೋಣೆಯ ಎತ್ತರ ಏಳು ಅಡಿ. ತೊಲೆಗೆ ಬಿಗಿದ ಟ್ಯೂಬ್‌ಲೈಟ್ ಅದಕ್ಕೂ ನಾಲ್ಕು ಅಂಗುಲ ಕೆಳಗೆ. ಐದೂವರೆ ಅಡಿಯ ನನ್ನ ಮುಷ್ಟಿ ಕೈಯೆತ್ತಿದಾಗ ತಲುಪುವುದು ಆರಡಿ ಹತ್ತು ಅಂಗುಲ. ತಪ್ಪು ಟ್ಯೂಬ್‌ಲೈಟಿನದಲ್ಲ!

ಕೆಟಲ್‌ಬೆಲ್ ಎಂದರೆ ಹಿಡಿಕೆ ಇರುವ ಕಬ್ಬಿಣದ ಗುಂಡು, ಅಷ್ಟೆ. ಹುಟ್ಟಿದ್ದು ರಷ್ಯಾದಲ್ಲಿ. ಅಲ್ಲಿ ಅದರ ಹೆಸರು ‘ಗಿರ್ಯಾ’. ತಕ್ಕಡಿಯ ತೂಕದ ಬಟ್ಟಿಗೂ ಅದೇ ಹೆಸರು. ಅವರ ಹಳೆಯ ‘ಪೂದ್’ ಎಂಬ ತೂಕ ಸುಮಾರು 16.4 ಕಿಲೋ. ಇಂದಿಗೂ ಈ ಗುಂಡುಗಳು 16, 24, 32 ಕಿಲೋ ಲೆಕ್ಕದಲ್ಲಿ ಸಿಗುವುದಕ್ಕೆ ಅದೇ ಕಾರಣ. ನಮ್ಮ ಗರಡಿಮನೆಯ ಗದೆ, ಲೋಡುಗಳ ದೂರದ ನೆಂಟ ಎಂದುಕೊಳ್ಳಿ.

ಸೂರು ತಗ್ಗಾದರೆ ಗುಂಡನ್ನು ಮೂಲೆಗೆ ತಳ್ಳಬೇಕೇ? ಬೇಕಿಲ್ಲ. ಒಂಬತ್ತನೆಯ ತರಗತಿಯ ಪಾಠ ನೆನಪಿಸಿಕೊಳ್ಳಿ. ಭಾರ ಎತ್ತುವಾಗ ಆಗುವ ಕೆಲಸವನ್ನು ನಿರ್ಧರಿಸುವುದು ಆ ಭಾರ ನೆಲದಿಂದ ಎಷ್ಟು ಮೇಲಿದೆ ಎಂಬುದಲ್ಲ. ಎಲ್ಲಿಂದ ಎಲ್ಲಿಗೆ ಏರಿತು ಎಂಬ ವ್ಯತ್ಯಾಸ. ಎಂಟು ಕಿಲೋ ಗುಂಡು ಭುಜದಿಂದ 60 ಸೆಂಟಿಮೀಟರ್ ಮೇಲೇರಿದರೆ ಕೆಲಸ ಸುಮಾರು 47 ಜೂಲ್. ನಿಂತು ಎತ್ತಿದರೂ 47, ಮಂಡಿಯೂರಿ ಎತ್ತಿದರೂ 47. ಭುಜಕ್ಕೆ ಸಿಗುವ ವ್ಯಾಯಾಮದಲ್ಲಿ ಖೋತಾ ಇಲ್ಲ. ಆದರೆ ಮುಷ್ಟಿ ಮಾತ್ರ ಸೂರಿನಿಂದ ಸುಮಾರು ಒಂದೂವರೆ ಅಡಿ ದೂರ ಸರಿಯುತ್ತದೆ!

ಹಾಗಾಗಿ ನನ್ನ ಈಗಿನ ಕ್ರಮ ಹೀಗಿದೆ. ಒಂದು ಮಂಡಿ ನೆಲಕ್ಕೂರಿ, ಕೆಳಗೆ ಮಡಿಸಿದ ಚಾದರ ಹಾಸಿ, ಒಂದೊಂದೇ ಕೈಯಲ್ಲಿ ಎತ್ತುವುದು. ಮಂಡಿ ನೋವಿರುವವರು ಸ್ಟೂಲಿನ ಮೇಲೆ ಕುಳಿತು ಎತ್ತಬಹುದು. ಅಟ್ಟದಂಥ ಇನ್ನೂ ತಗ್ಗಿನ ಜಾಗವಾದರೆ ನೆಲದ ಮೇಲೆ ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ಒತ್ತಬಹುದು. ಇದರಲ್ಲಿ ಭುಜಕ್ಕಿಂತ ಎದೆಗೆ ಹೆಚ್ಚು ಕೆಲಸ. ಮಂಡಿಯೂರಿದಾಗ ಕಾಲುಗಳಿಗೆ ಬಿಡುವು ಸಿಕ್ಕಿಬಿಡುತ್ತದಲ್ಲ, ಅದಕ್ಕೆ ಗುಂಡನ್ನು ಎದೆಗವಚಿಕೊಂಡು ಹತ್ತು ಬಸ್ಕಿ. ಇದಕ್ಕೆ ನಿಮ್ಮ ತಲೆಯ ಎತ್ತರವಿದ್ದರೆ ಸಾಕು.

ತೂಗುವ ವ್ಯಾಯಾಮವನ್ನೂ ಮಾಡಬಹುದು. ಗುಂಡು ಕಾಲುಗಳ ನಡುವಿನಿಂದ ಎದೆಮಟ್ಟದವರೆಗೆ ಬಂದರೆ ಸಾಕು, ತಲೆಯ ಮೇಲೆ ಒಯ್ಯುವುದು ಬೇಡ. ಇಲ್ಲಿ ಅಳೆಯಬೇಕಾದ್ದು ಸೂರನ್ನಲ್ಲ, ಮುಂದಿನ ಜಾಗವನ್ನು. ಕೈ ಮತ್ತು ಗುಂಡು ಸೇರಿ ಸುಮಾರು ಒಂದು ಮೀಟರ್. ಅದರಾಚೆಗೂ ಅಷ್ಟೇ ಜಾಗ ಖಾಲಿ ಇರಲಿ. ಬೆವರಿದ ಕೈಯಿಂದ ಜಾರಿದ ಗುಂಡು ಟಿ.ವಿ. ಯಾವುದು, ಮಗು ಯಾವುದು ಎಂದು ನೋಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. ಅದಕ್ಕೆ ದೊಡ್ಡ ಜಿಮ್ಮೇ ಆಗಬೇಕೆಂದಿಲ್ಲ. ಆದರೆ ರಕ್ತದೊತ್ತಡ, ಹರ್ನಿಯಾ, ಬೆನ್ನುನೋವು ಇರುವವರು ವೈದ್ಯರನ್ನು ಕೇಳದೆ ಗುಂಡು ಮುಟ್ಟಬೇಡಿ. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಬಿಡುತ್ತಾ ಎತ್ತಿ.

ಗುಂಡು ಹಿಡಿಯುವ ಮುನ್ನ ಬರಿಗೈಯಲ್ಲಿ ಮುಷ್ಟಿ ಕಟ್ಟಿ ಮೇಲೆತ್ತಿ ನೋಡಿ. ಮುಷ್ಟಿಗೂ ಸೂರಿಗೂ, ದೀಪಕ್ಕೂ ನಡುವೆ ಒಂದು ಗೇಣಾದರೂ ಅಂತರವಿರಲಿ. ಇಲ್ಲದಿದ್ದರೆ ಮಂಡಿಯೂರಿ. ಫ್ಯಾನಿರುವ ಕೋಣೆಯಾದರೆ ಅದನ್ನು ಮೊದಲು ಆರಿಸಿ, ಅದರಡಿಯಿಂದ ಪಕ್ಕಕ್ಕೆ ಸರಿದು ನಿಲ್ಲಿ.

ನಮ್ಮ ಮನೆಯಲ್ಲಿ ಈಗ ಹೊಸ ಟ್ಯೂಬ್‌ಲೈಟ್ ಗೋಡೆಯ ಮೇಲಿದೆ, ತೊಲೆಯ ಮೇಲಲ್ಲ. ನಾನು ಗುಂಡು ಹಿಡಿದರೆ ಮೊಮ್ಮಗನಿಗೆ ಬಾಗಿಲ ಹೊರಗಿನಿಂದಲೇ ಎಣಿಸುವ ಕೆಲಸ. ಹತ್ತರವರೆಗೆ ತಪ್ಪಿಲ್ಲದೆ ಎಣಿಸುತ್ತಾನೆ. ಅಜ್ಜ ಒಂದನ್ನು ಹಾರಿಸಿದರೆ ಬಿಡುವುದಿಲ್ಲ.