ಎಡವಿದ್ದು ಕಾಲೋ, ಕಣ್ಣೋ?

ಮನೆಯ ಹಿರಿಯರು ಬಿದ್ದರೆ ನೀವು ಮೊದಲು ಹೇಳುವುದು 'ತಲೆಸುತ್ತು ಬಂದಿರಬೇಕು' ಎಂದು. ರಕ್ತದೊತ್ತಡ ನೋಡಿಸುತ್ತೀರಿ, ಟಾನಿಕ್ ಕೇಳುತ್ತೀರಿ. ರಕ್ತದೊತ್ತಡ ನೋಡಿಸಬೇಕಾದ್ದೇ. ಆದರೆ ಕಣ್ಣಿನ ಮಾತೇ ಬರುವುದಿಲ್ಲ.

ಒಳಕಿವಿ, ಪಾದ-ಕೀಲುಗಳ ಸ್ಪರ್ಶಜ್ಞಾನ ಮತ್ತು ಕಣ್ಣು, ಈ ಮೂರೂ ಕೊಡುವ ಸುಳಿವಿನಿಂದ ಮಿದುಳು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ವಯಸ್ಸಾದಂತೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದರೆ, ಪಾದದ ಅರಿವು ಮಂದವಾಗುತ್ತದೆ. ಆಗ ಕಣ್ಣಿನ ಮೇಲೆಯೇ ಹೆಚ್ಚು ಭಾರ. ಅದಕ್ಕೂ ಪೊರೆ ಬಂದಿದ್ದರೆ ಕೆಂಪು ಗಾರೆಯ ಮೆಟ್ಟಿಲಿನ ಅಂಚು ಎಲ್ಲಿ ಮುಗಿಯಿತೆಂದು ತಿಳಿಯದು. ಗ್ಲಾಕೋಮಾದಲ್ಲಿ ಪಕ್ಕದ ನೋಟ ಕುಗ್ಗಿ, ಬದಿಯಲ್ಲಿಟ್ಟ ಬಿಂದಿಗೆಯೂ ಕಾಣದೆ ಹೋಗಬಹುದು.

ಇನ್ನು ಬೈಫೋಕಲ್ ಕನ್ನಡಕ. ಅದರ ಕೆಳಭಾಗ ಇರುವುದು ಸುಮಾರು ಒಂದೂಕಾಲು ಅಡಿ ದೂರದ ಅಕ್ಷರ ಓದಲು. ಮೆಟ್ಟಿಲಿಳಿಯುವಾಗ ಅದರ ಮೂಲಕವೇ ನೋಡಿದರೆ, ಐದಡಿ ಕೆಳಗಿನ ಮೆಟ್ಟಿಲು ಮಬ್ಬಾಗುತ್ತದೆ. ಹೊರಗೆ ಹೆಚ್ಚು ಓಡಾಡುವವರಿಗೆ ದೂರದ ನಂಬರು ಮಾತ್ರ ಇರುವ ಇನ್ನೊಂದು ಕನ್ನಡಕ ಮೇಲು ಎಂದು ನನ್ನ ಅಭಿಪ್ರಾಯ. ಕನ್ನಡಕ ಹೊಸತಾದರೆ ಅಭ್ಯಾಸವಾಗುವವರೆಗೆ ಜೋಪಾನ.

'ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ?' ಎಂದು ಪೊರೆಯನ್ನು ಬೆಳೆಯಬಿಡುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟು. ಒಂದು ಕಣ್ಣಿಗೆ ಮಾತ್ರ ಮಾಡಿಸಿ ನಿಲ್ಲಿಸಿದರೂ ಆಳದ ಅಂದಾಜು ತಪ್ಪಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೇ 1976ರಲ್ಲಿ. ತೊಡೆಮೂಳೆ ಮುರಿದರೆ ಆಗುವ ಆಪರೇಷನ್ ಇದಕ್ಕಿಂತ ಬಹಳ ದೊಡ್ಡದು.

ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟೆ ಬಳಿಯಿರಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಕರೆಂಟು ದಂಡವೆಂದು ಅದನ್ನು ಆರಿಸುವವರು ಹೆಚ್ಚಾಗಿ ಹಿರಿಯರೇ. ಅವರು ಮಲಗಿದ ಮೇಲೆ ಒಮ್ಮೆ ನೋಡಿಬನ್ನಿ.