ಮೇಲಿನ ಬಟ್ಟೆಯನ್ನು ಸಾಗಿಸುವವರಾರು?

ಹೊಲಿಗೆ ಯಂತ್ರವೆಂದರೆ ಸೂಜಿ ಮತ್ತು ದಾರ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಸೂಜಿ ಎಷ್ಟೇ ವೇಗವಾಗಿ ಕುಣಿಯಲಿ, ಬಟ್ಟೆ ಮುಂದಕ್ಕೆ ಸರಿಯದಿದ್ದರೆ ಒಂದೇ ತೂತಿನಲ್ಲಿ ಸಾವಿರ ಸಲ ಕುಕ್ಕುವುದೇ ಅದರ ಗತಿ. ಬಟ್ಟೆ ನಡೆದರೆ ತಾನೆ ಹೊಲಿಗೆ! ಈ ಬಟ್ಟೆಯನ್ನು ನಡೆಸುವವರು ಯಾರು ಎಂಬುದು ಇಂಜಿನಿಯರರ ಪ್ರಶ್ನೆಯಷ್ಟೇ ಎಂದು ಯಾರೂ ತಿಳಿಯಬಾರದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೂಲಿಯೂ ಪೇಟೆಯ ದರ್ಜಿಯ ಸಂಪಾದನೆಯೂ ಈ ಪ್ರಶ್ನೆಗೆ ಗಂಟು ಬಿದ್ದಿವೆ.

ಅಮೆರಿಕದ ಎಲಿಯಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆಯನ್ನು ಒಂದು ಪಟ್ಟಿಯ ಮುಳ್ಳುಗಳಿಗೆ ಚುಚ್ಚಿ ನೇತುಹಾಕಬೇಕಾಗಿತ್ತು. ಪಟ್ಟಿಯ ಉದ್ದ ಮುಗಿದೊಡನೆ ಯಂತ್ರ ನಿಲ್ಲಿಸಬೇಕು, ಬಟ್ಟೆ ಬಿಡಿಸಬೇಕು, ಮತ್ತೆ ಚುಚ್ಚಬೇಕು. ಈ ತೊಡಕನ್ನು ನೀಗಿದವನು ಅಲೆನ್ ವಿಲ್ಸನ್. 1854ರಲ್ಲಿ ಅವನು ಪೇಟೆಂಟ್ ಪಡೆದ ಉಪಾಯ ಇಂದಿಗೂ ನಮ್ಮ ದರ್ಜಿಗಳ ಯಂತ್ರದಲ್ಲಿದೆ. ಸೂಜಿ ತಟ್ಟೆಯ ಸೀಳಿನ ಕೆಳಗೆ ಒಂದು ಹಲ್ಲಿನ ಪಟ್ಟಿ. ಅದಕ್ಕೆ ನಾಲ್ಕು ನಡೆ: ಮೇಲಕ್ಕೇಳುತ್ತದೆ, ಬಟ್ಟೆಯನ್ನು ಕಚ್ಚಿ ಒಂದು ಹೊಲಿಗೆಯಷ್ಟು ದೂರ ಸಾಗಿಸುತ್ತದೆ, ಕೆಳಕ್ಕಿಳಿಯುತ್ತದೆ, ತಾನೊಂದೇ ಹಿಂದಿರುಗುತ್ತದೆ. ಮೇಲಿನಿಂದ ಪಾದವು ಬಟ್ಟೆಯನ್ನು ಅದುಮಿ ಹಿಡಿದಿರುತ್ತದೆ.

ಇಷ್ಟು ಸರಳವಾದ ಉಪಾಯಕ್ಕೂ ಬಂಡವಾಳವು ಬೀಗ ಹಾಕದೆ ಬಿಡಲಿಲ್ಲ. 1856ರಲ್ಲಿ ಹೋವ್, ಸಿಂಗರ್ ಕಂಪನಿ, ವೀಲರ್ ಅಂಡ್ ವಿಲ್ಸನ್, ಗ್ರೋವರ್ ಅಂಡ್ ಬೇಕರ್ ಇವರೆಲ್ಲ ಸೇರಿ ತಮ್ಮ ಪೇಟೆಂಟುಗಳನ್ನು ಒಂದುಗೂಡಿಸಿ ಕೂಟ ಕಟ್ಟಿದರು. ಅಮೆರಿಕದಲ್ಲಿ ಬೇರೆಯವರು ಯಂತ್ರ ಮಾಡಬೇಕಾದರೆ ಒಂದೊಂದು ಯಂತ್ರಕ್ಕೂ ಈ ಕೂಟಕ್ಕೆ ಕಪ್ಪ ಒಪ್ಪಿಸಬೇಕು. 1877ರವರೆಗೆ ಈ ವ್ಯವಸ್ಥೆ ನಡೆಯಿತು.

ಹಾಗೆಂದು ನಾವು ಯಂತ್ರದ್ವೇಷಿಗಳಲ್ಲ. 1924ರಲ್ಲಿ ಗಾಂಧೀಜಿಯವರೇ ಯಂತ್ರಗಳ ವಿಚಾರ ಮಾತನಾಡುತ್ತ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಅದನ್ನು ಮಾಡಲು ದೊಡ್ಡ ಕಾರ್ಖಾನೆ ಬೇಕಲ್ಲವೇ ಎಂದು ಕೇಳಿದಾಗ, ಅಂಥ ಕಾರ್ಖಾನೆಗಳು ರಾಷ್ಟ್ರದ ಒಡೆತನದಲ್ಲಿಯೋ ಸರ್ಕಾರದ ಹತೋಟಿಯಲ್ಲಿಯೋ ಇರಬೇಕೆಂದರು. ಯಂತ್ರ ಇರಲಿ, ಅದರ ಲೆಕ್ಕ ಯಾರ ಕೈಯಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ವಿಲ್ಸನ್ನನ ಉಪಾಯದಲ್ಲಿ ಒಂದು ಕೊರತೆಯಿದೆ. ಹಲ್ಲು ಕಚ್ಚುವುದು ಕೆಳಗಿನ ಬಟ್ಟೆಯನ್ನು ಮಾತ್ರ. ಮೇಲಿನ ಬಟ್ಟೆ ಪಾದಕ್ಕೆ ಉಜ್ಜಿಕೊಂಡು ಹಿಂದೆ ಬೀಳುತ್ತದೆ. ಉದ್ದನೆಯ ಹೊಲಿಗೆ ಮುಗಿಯುವಾಗ ಮೇಲಿನ ಅಂಚು ಮಿಕ್ಕಿರುತ್ತದೆ, ಇಲ್ಲವೇ ಹೊಲಿಗೆಯುದ್ದಕ್ಕೂ ಸುಕ್ಕು ಕಾಣುತ್ತದೆ. ಇದಕ್ಕೆ ಮದ್ದಿಲ್ಲವೆಂದಲ್ಲ. ಸೂಜಿಯು ಬಟ್ಟೆಯೊಳಗಿದ್ದಾಗಲೇ ಹಲ್ಲಿನೊಡನೆ ಸಾಗಿ ಎರಡು ಬಟ್ಟೆಗಳನ್ನೂ ಒಟ್ಟಿಗೆ ಒಯ್ಯುವ ಯಂತ್ರವಿದೆ. ಪಾದವೂ ಹೆಜ್ಜೆಯಿಟ್ಟು ಮೇಲಿನ ಬಟ್ಟೆಯನ್ನು ನಡೆಸುವ ಯಂತ್ರವಿದೆ. ಬನಿಯನ್ ಬಟ್ಟೆ ಹಿಗ್ಗದಂತೆ ಹಿಂದೊಂದು ಮುಂದೊಂದು ಹಲ್ಲಿನ ಪಟ್ಟಿಯಿಟ್ಟು, ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ನಡೆಸುವ ಯಂತ್ರವೂ ಇದೆ. ಆದರೆ ಭಾಗಗಳು ಹೆಚ್ಚಿದಂತೆ ಬೆಲೆಯೂ ಹೆಚ್ಚುತ್ತದೆ.

ಹಾಗಾದರೆ ಸಾದಾ ಯಂತ್ರದಲ್ಲಿ ಮೇಲಿನ ಬಟ್ಟೆಯನ್ನು ಸಾಗಿಸುವವರಾರು? ಹೊಲಿಯುವವಳ ಹತ್ತು ಬೆರಳು! ಕೆಳಗಿನದನ್ನು ಕೊಂಚ ತಡೆದು, ಮೇಲಿನದನ್ನು ಕೊಂಚ ನೂಕಿ, ಅಂಚಿಗೆ ಅಂಚು ಕೂಡಿಸುತ್ತ ಇಡೀ ದಿನ ಅವಳು ಯಂತ್ರದ ಕೊರತೆಯನ್ನು ತುಂಬುತ್ತಾಳೆ. ಲೆಕ್ಕ ನೋಡಿ. ಕಾರ್ಖಾನೆಯ ಯಂತ್ರ ನಿಮಿಷಕ್ಕೆ 5,000 ಹೊಲಿಗೆ ಹಾಕಬಲ್ಲದು. ಒಂದು ಹೊಲಿಗೆ 2.5 ಮಿಲಿಮೀಟರ್ ಎಂದರೆ ನಿಮಿಷಕ್ಕೆ 12.5 ಮೀಟರ್, ಅರ್ಧ ಮೀಟರಿನ ಹೊಲಿಗೆಗೆ ಎರಡೂವರೆ ಸೆಕೆಂಡೂ ಬೇಡ. ಆದರೆ ತುಂಡನ್ನು ಎತ್ತಿಕೊಳ್ಳುವುದು, ಅಂಚು ಕೂಡಿಸುವುದು, ಪಾದದಡಿ ಇಡುವುದು, ತಿರುಗಿಸುವುದು, ಮುಂದಕ್ಕೆ ಕೊಡುವುದು ಇವೆಲ್ಲ ಕೈಯ ಕೆಲಸ. ಯಂತ್ರದ ವೇಗ ಇಮ್ಮಡಿಯಾದರೆ ಕೈ ಇಮ್ಮಡಿಯಾದೀತೆ?

ಕಾಲ ಅಳೆಯುವ ತಜ್ಞರು ಕೈಯ ಚಲನೆಗೂ ಹೊತ್ತು ಹಚ್ಚುತ್ತಾರೆಂದು ಮಾಲಿಕರು ಹೇಳುತ್ತಾರೆ. ಒಪ್ಪೋಣ. ಹಾಗಿದ್ದರೆ ಆ ಲೆಕ್ಕದ ಹಾಳೆಯನ್ನು ದುಡಿಯುವವಳಿಗೂ ತೋರಿಸಲಿ. ಗಟ್ಟಿ ಹತ್ತಿ ಬಟ್ಟೆ ಹೋಗಿ ಜಾರುವ ನೈಲಾನ್ ಬಂದ ದಿನ ಟಾರ್ಗೆಟ್ ಇಳಿಯುತ್ತದೆಯೇ ಎಂದು ನೋಡೋಣ. ಸುಕ್ಕು ಬಂದ ಪೀಸು ಆಲ್ಟರ್ ಎಂದು ಹಿಂದಿರುಗಿದಾಗ ಬೈಗುಳ ಅವಳಿಗೆ, ಹೊತ್ತು ಮೀರಿ ಕೂರುವ ಶಿಕ್ಷೆಯೂ ಅವಳಿಗೆ. ಹಲ್ಲು ಸವೆದಿರಬಹುದು, ಪಾದದ ಒತ್ತಡ ಹೆಚ್ಚಿರಬಹುದು, ತೆಳು ಬಟ್ಟೆಗೆ ಒರಟು ಹಲ್ಲು ಹಾಕಿರಬಹುದು. ಇವುಗಳಲ್ಲಿ ಯಾವುದು ಅವಳ ತಪ್ಪು? ಗಿರಣಿಯಲ್ಲಿ ದುಡಿದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ಕೆಟ್ಟದ್ದಾದರೆ ಎಳೆ ಕಡಿಯುತ್ತದೆ. ಮಾತು ಕೇಳುವವನು ಮಗ್ಗದ ಮುಂದೆ ನಿಂತವನು.

ಕಾನೂನು ಏನು ಹೇಳುತ್ತದೆ? ಕೆಲಸಗಾರನ ವಶಕ್ಕೆ ಕೊಟ್ಟ ಮಾಲು ಅವನದೇ ಅಲಕ್ಷ್ಯದಿಂದ ನೇರವಾಗಿ ಹಾಳಾದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆಯೇ, ಕೂಲಿಯಲ್ಲಿ ಮುರಿದುಕೊಳ್ಳಬಹುದು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ರಕ್ಷಣೆ 2019ರ ವೇತನ ಸಂಹಿತೆಯಲ್ಲಿಯೂ ಇದೆ. ಯಂತ್ರದ ಕೊರತೆ ಕೆಲಸಗಾರಳ ಅಲಕ್ಷ್ಯವಾಗಲಾರದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಟಾರ್ಗೆಟ್ ನಿಗದಿಯಾದ ಲೆಕ್ಕ ಸಂಘಕ್ಕೆ ಸಿಗಬೇಕು. ಬಟ್ಟೆ ಬದಲಾದಾಗ ಆ ಲೆಕ್ಕ ಹೊಸದಾಗಿ ಆಗಬೇಕು. ಆಲ್ಟರ್ ಪೀಸಿಗೆ ಹೊಣೆ ಹೊರಿಸುವ ಮುನ್ನ ಮೆಕ್ಯಾನಿಕ್ ಯಂತ್ರ ನೋಡಿ ಬರೆದು ಕೊಡಬೇಕು. ಹೊತ್ತು ಮೀರಿದ ದುಡಿಮೆಗೆ ಓವರ್‌ಟೈಮ್ ಕೂಲಿ ಬರಬೇಕು.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಬಳ್ಳಾರಿಯ ಜೀನ್ಸ್ ಹೊಲಿಯುವ ಸಣ್ಣ ಘಟಕವಾಗಲಿ, ಬ್ಯಾಗು ಹೊಲಿಯುವ ಅಂಗಡಿಯಾಗಲಿ, ದಪ್ಪ ಪದರಗಳನ್ನು ಸಾಗಿಸುವ ಒಳ್ಳೆಯ ಯಂತ್ರ ಒಬ್ಬರ ಕೈಗೆ ದುಬಾರಿ. 1952ರಲ್ಲಿ ಪಚ್‌ಮಢಿಯಲ್ಲಿ ಲೋಹಿಯಾ ಅವರು ಸಣ್ಣ ಯಂತ್ರದ ಪರವಾಗಿ ವಾದಿಸಿದರು. ಹತ್ತು ಮಂದಿ ಸೇರಿ ಸಹಕಾರ ಸಂಘದ ಮೂಲಕ ಅಂಥ ಯಂತ್ರ ಕೊಂಡು, ಸರದಿಯಂತೆ ಬಳಸಿದರೆ ಆ ವಿಚಾರಕ್ಕೆ ಜೀವ ಬರುತ್ತದೆ. ಸಾಲದ ಬಡ್ಡಿಯಲ್ಲಿ ರಿಯಾಯಿತಿ ಕೊಡುವುದು ಸರ್ಕಾರದ ಹೊಣೆ.

ಈ ಹೆಣ್ಣುಮಕ್ಕಳಿಗೆ ಶಕ್ತಿಯಿಲ್ಲವೆಂದು ಯಾರೂ ಭಾವಿಸಕೂಡದು. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣಕ್ಕೆ ತಡೆ ಹಾಕುವ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಂದು ಕೇಳಿದ್ದು ಕೂಡಿಟ್ಟ ಹಣ. ಇನ್ನು ಕೇಳಬೇಕಾದದ್ದು ಟಾರ್ಗೆಟ್ಟಿನ ಲೆಕ್ಕ. ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಸಂಘ ಕಟ್ಟಿ ಅದನ್ನು ಕೇಳೋಣ.